ಕಕ್ಕಡದ ಮಳೆ, ತರಿಯ ಡಬ್ಬ ಮತ್ತು ಅಮ್ಮನ ಕೈ

ಕಳೆದ ಕಕ್ಕಡದಲ್ಲಿ, ಅಂದರೆ ಕೊಡಗಿನ ಜಡಿಮಳೆಯ ತಿಂಗಳಲ್ಲಿ, ಅಮ್ಮನ ಮುಂಗೈಗಳ ಮೇಲೆ ಕೆಂಪು ಗುಳ್ಳೆಗಳೆದ್ದು, ರಾತ್ರಿಯಿಡೀ ನಿದ್ದೆಗೆಡಿಸುವಷ್ಟು ತುರಿಕೆ ಹತ್ತಿದಾಗ ನಾವೆಲ್ಲ ಅದನ್ನು ಕಜ್ಜಿಯೆಂದೇ ನಂಬಿದೆವು. ಮನೆಮಂದಿಯೆಲ್ಲ ಮುಲಾಮು ಹಚ್ಚಿಕೊಂಡು, ಹೊದಿಕೆಗಳನ್ನು ಬಿಸಿನೀರಿನಲ್ಲಿ ಕುದಿಸಿದೆವು. ಅಮ್ಮನಿಗೆ ಗುಣವಾಗಲಿಲ್ಲ, ಉಳಿದವರಿಗಂತೂ ತುರಿಕೆಯೇ ಇರಲಿಲ್ಲ. ಮಡಿಕೇರಿಯ ಚರ್ಮವೈದ್ಯರು ಬೆರಳ ಸಂದಿಗಳನ್ನು ನೋಡಿದ ಮೇಲೆ, "ಅಡುಗೆಮನೆಯಲ್ಲಿ ದಿನವೂ ಕೈ ಹಾಕುವುದು ಯಾವುದಕ್ಕೆ?" ಎಂದು ಕೇಳಿದರು.

ಕಡಂಬುಟ್ಟು, ಅಂದರೆ ಹಬೆಯಲ್ಲಿ ಬೇಯಿಸುವ ಅಕ್ಕಿತರಿಯ ಉಂಡೆ, ಮಾಡಲು ಇಟ್ಟ ತರಿಯ ದೊಡ್ಡ ಡಬ್ಬಕ್ಕೆ. ಅದರ ಒಳಅಂಚಿನಲ್ಲಿ ಕಂದು ಧೂಳು ಕೂತಿತ್ತು. ಒಂದು ಹಿಡಿಯನ್ನು ಕಪ್ಪು ತಟ್ಟೆಯಲ್ಲಿ ಹರಡಿ, ಮೇಲ್ಮೈಯನ್ನು ನುಣುಪಾಗಿ ಒತ್ತಿಟ್ಟೆ; ಸ್ವಲ್ಪ ಹೊತ್ತಿನಲ್ಲಿ ಆ ನುಣುಪು ತಾನಾಗಿಯೇ ಒಡೆದು ಉಬ್ಬುತಗ್ಗಾಯಿತು. ಭೂತಗನ್ನಡಿಯಲ್ಲಿ ಕಂಡದ್ದು ಅರ್ಧ ಮಿಲಿಮೀಟರನ್ನೂ ಮೀರದ, ಬಿಳಿಚಿದ ನುಸಿಗಳ ಹಿಂಡು.

ಇವು ನಮಗೆ ಪರಿಚಿತವಾದ ಅಕ್ಕಿಹುಳಗಳಲ್ಲ. ಎಂಟು ಕಾಲಿನ, ಜೇಡದ ಬಳಗಕ್ಕೆ ಸೇರಿದ ಜೀವಿಗಳು. ಕಜ್ಜಿಯ ನುಸಿಯಂತೆ ಚರ್ಮವನ್ನು ಕೊರೆಯುವುದಿಲ್ಲ, ರಕ್ತ ಹೀರುವುದಿಲ್ಲ. ಅವುಗಳ ದೇಹದ ಚೂರು ಮತ್ತು ಹಿಕ್ಕೆಗಳಿಗೆ ಒಗ್ಗದವರ ಚರ್ಮ ಕೆರಳುತ್ತದೆ, ಅದಕ್ಕಾಗಿಯೇ ಅಮ್ಮನೊಬ್ಬಳೇ ನರಳಿದಳು. ಕಿರಾಣಿ ಅಂಗಡಿಯವರಲ್ಲಿಯೂ ಕೊಬ್ಬರಿ ಚೀಲ ಹೊರುವವರಲ್ಲಿಯೂ ಈ ತುರಿಕೆಯನ್ನು ವೈದ್ಯರು ಬಹು ಹಿಂದೆಯೇ ಗುರುತಿಸಿದ್ದರು. (ಧಾನ್ಯದ ಹುಳಗಳನ್ನು ತಿಂದು ಬದುಕುವ ಇನ್ನೊಂದು ಜಾತಿಯ ನುಸಿ ಮನುಷ್ಯರನ್ನು ನಿಜವಾಗಿಯೂ ಕಚ್ಚುತ್ತದೆ, ಅದು ಬೇರೆಯ ಕಥೆ.)

ನುಸಿ ನೀರು ಕುಡಿಯಲು ಎಲ್ಲಿಗೂ ಹೋಗಬೇಕಿಲ್ಲ, ಗಾಳಿಯ ತೇವವನ್ನೇ ಮೈಗೆ ಹೀರಿಕೊಳ್ಳುತ್ತದೆ. ತೇವಾಂಶ ಶೇಕಡಾ 60ಕ್ಕಿಂತ ಕೆಳಗಿಳಿದರೆ ಒಣಗಿ ಸಾಯುತ್ತದೆ. ನಮ್ಮ ಮಳೆಗಾಲದಲ್ಲಿ ಅದು ಇಳಿಯುವುದೆಲ್ಲಿ? ಹಿಂದೆ ಒಲೆಯ ಮೇಲಿನ ಅಟ್ಟದ ಬಿಸಿ ಮತ್ತು ಹೊಗೆ ಧಾನ್ಯವನ್ನು ಒಣಗಿಸಿಡುತ್ತಿದ್ದವು. ಗ್ಯಾಸ್ ಬಂದ ಮೇಲೆ ನಾವು ಅಟ್ಟವನ್ನು ಬಿಟ್ಟು ಪ್ಲಾಸ್ಟಿಕ್ ಡಬ್ಬವನ್ನು ನಂಬಿದೆವು. ತೊಳೆದ ಅಕ್ಕಿಯನ್ನು ಪೂರ್ತಿ ಒಣಗಿಸದೆ ತರಿ ಮಾಡಿ ಮುಚ್ಚಿದರೆ, ಬಿಗಿಯಾದ ಮುಚ್ಚಳ ಆ ತೇವವನ್ನೇ ಒಳಗೆ ಕಾಯುತ್ತದೆ.

ಅನ್ನವನ್ನು ಎಸೆಯಲು ಅಮ್ಮನ ಮನಸ್ಸು ಒಪ್ಪಲಿಲ್ಲ, ಹುರಿದು ಬಳಸೋಣವೆಂದಳು. ನಾನು ಬೇಡವೆಂದು ಹಟ ಹಿಡಿದೆ. ಶಾಖಕ್ಕೆ ನುಸಿ ಸತ್ತರೂ ಅಲರ್ಜಿಕಾರಕ ಅಂಶ ಉಳಿಯಬಲ್ಲದು. ನುಸಿ ಹಿಡಿದ ಹಿಟ್ಟಿನ ತಿನಿಸು ತಿಂದ ಅಲರ್ಜಿಯ ಜನರಿಗೆ ಉಸಿರು ಕಟ್ಟಿ ಪ್ರಾಣಾಪಾಯವಾದ ಪ್ರಸಂಗಗಳು 1990ರ ದಶಕದಿಂದ ವೈದ್ಯಕೀಯ ವರದಿಗಳಲ್ಲಿವೆ. ಕೊನೆಗೆ ಕಾಫಿ ಗಿಡದ ಬುಡದಲ್ಲಿ ಗುಂಡಿ ತೋಡಿ ಅದನ್ನು ಹೂತೆವು, ಡಬ್ಬವನ್ನು ತೊಳೆದು ಒಲೆಯ ಬಳಿ ಎರಡು ದಿನ ಒಣಗಿಸಿದೆವು.

ಎರಡು ವಾರಗಳಲ್ಲಿ ಅಮ್ಮನ ಕೈ ಮಾಗಿತು. ಈಗ ನಾಲ್ಕು ದಿನಕ್ಕೆ ಬೇಕಾದಷ್ಟೇ ತರಿ ಮಾಡಿ ಫ್ರಿಜ್ಜಿನಲ್ಲಿಡುತ್ತಾಳೆ.