ಟಾಮ್ ರಾಬಿನ್ಸನ್ ಹೇಳಿದ ಒಂದು ಮಾತು

'ಟು ಕಿಲ್ ಎ ಮಾಕಿಂಗ್‌ಬರ್ಡ್' ಬಗ್ಗೆ ಯಾರು ಮಾತು ತೆಗೆದರೂ ಅದು ಸ್ವಲ್ಪ ಹೊತ್ತಿಗೆ ಆಟಿಕಸ್ ಫಿಂಚ್ ಹತ್ತಿರ ಬಂದು ನಿಲ್ಲುತ್ತದೆ. ಸಹಜ ಬಿಡಿ. ಊರು ಬೈದರೂ ಒಬ್ಬ ಕಪ್ಪು ಮನುಷ್ಯನ ಪರ ಮನಸಾರೆ ವಾದ ಮಾಡಿದ ಬಿಳಿ ಲಾಯರ್ ಅವನು. 1962ರ ಸಿನಿಮಾದಲ್ಲಿ ಆ ಪಾತ್ರ ಮಾಡಿ ಗ್ರೆಗರಿ ಪೆಕ್ ಆಸ್ಕರ್ ಗೆದ್ದರು. ನನಗೂ ಆಟಿಕಸ್ ಅಂದ್ರೆ ಇಷ್ಟ. ಆದರೆ ಈ ಕಾದಂಬರಿಯಲ್ಲಿ ಎಲ್ಲರಿಗಿಂತ ಜಾಸ್ತಿ ಧೈರ್ಯ ಯಾರದು ಅಂತ ಕೇಳಿದರೆ ನಾನು ಆ ಕಪ್ಪು ಮನುಷ್ಯ, ಟಾಮ್ ರಾಬಿನ್ಸನ್ ಅಂತಲೇ ಹೇಳುತ್ತೇನೆ.

ಓದದವರಿಗಾಗಿ ಚಿಕ್ಕದಾಗಿ ಹೇಳಿಬಿಡುತ್ತೇನೆ. ಹಾರ್ಪರ್ ಲೀ ಬರೆದ ಈ ಪುಸ್ತಕ 1960ರಲ್ಲಿ ಬಂತು, ಮರುವರ್ಷ ಅಮೆರಿಕದ ದೊಡ್ಡ ಪ್ರಶಸ್ತಿ ಪುಲಿಟ್ಜರ್ ಪಡೆಯಿತು. ಕಥೆ ನಡೆಯುವುದು 1930ರ ದಶಕದಲ್ಲಿ, ಅಮೆರಿಕದ ಅಲಬಾಮಾ ರಾಜ್ಯದ ಮೇಕೂಂಬ್ ಎಂಬ ಕಲ್ಪನೆಯ ಊರಿನಲ್ಲಿ. ಹೇಳುವವಳು ಆಟಿಕಸ್‌ನ ಮಗಳು ಸ್ಕೌಟ್. ಶುರುವಿನಲ್ಲಿ ಅವಳಿಗೆ ಆರು ತುಂಬುತ್ತಿರುತ್ತದೆ, ಮುಗಿಯುವಾಗ ಒಂಬತ್ತರ ಹತ್ತಿರ. ಅವಳಿಗಿಂತ ನಾಲ್ಕು ವರ್ಷ ದೊಡ್ಡವನು ಅಣ್ಣ ಜೆಮ್.

ಟಾಮ್ ಮೇಲಿನ ಆರೋಪ ಅತ್ಯಾಚಾರ. ದೂರು ಕೊಟ್ಟವಳು ಮಯೆಲ್ಲಾ ಯೂಯೆಲ್, ಕಡುಬಡವ ಬಿಳಿ ಮನೆಯ ಹತ್ತೊಂಬತ್ತರ ಹುಡುಗಿ. ಅವಳ ಮುಖದ ಬಲಭಾಗಕ್ಕೆ ಏಟು ಬಿದ್ದಿದೆ, ಅಂದರೆ ಹೊಡೆದವನು ಬಹುಶಃ ಎಡಗೈ ಬಳಸಿದ್ದಾನೆ. ಟಾಮ್‌ನ ಎಡಗೈ ಅವನು ಹುಡುಗನಾಗಿದ್ದಾಗಲೇ ಹತ್ತಿ ಜಿನ್ನಿಂಗ್ ಮಷೀನಿಗೆ ಸಿಕ್ಕಿ ಕೆಲಸಕ್ಕೆ ಬಾರದಂತಾಗಿದೆ. ಇಷ್ಟೇ ಸಾಕಲ್ವಾ ಅನ್ನಿಸುತ್ತದೆ ಓದುವಾಗ. ಆದರೆ ಟಾಮ್ ಕಟಕಟೆಗೆ ಬಂದು ನಡೆದದ್ದೆಲ್ಲ ಹೇಳುತ್ತಾನೆ. ಮಯೆಲ್ಲಾ ವರ್ಷವಿಡೀ ಕಾಸು ಕೂಡಿಸಿ, ತಮ್ಮ ತಂಗಿಯರನ್ನೆಲ್ಲ ಐಸ್‌ಕ್ರೀಂ ತಿನ್ನಲು ಪೇಟೆಗೆ ಕಳಿಸಿ, ಮನೆಯಲ್ಲಿ ಯಾರೂ ಇಲ್ಲದಾಗ ತನ್ನನ್ನು ಒಳಗೆ ಕರೆದು ಅಪ್ಪಿಕೊಂಡಳು ಅಂತ. ಅಷ್ಟರಲ್ಲಿ ಅವಳಪ್ಪ ಕಿಟಕಿಯಲ್ಲಿ ಬಂದು ನಿಂತಿದ್ದ ಅಂತ.

ಸರ್ಕಾರಿ ವಕೀಲ ಕೆಣಕುತ್ತಾನೆ. ಕಾಸೂ ತೆಗೆದುಕೊಳ್ಳದೆ ಅವಳ ಮನೆಗೆಲಸ ಯಾಕೆ ಮಾಡಿಕೊಡುತ್ತಿದ್ದೆ? ಟಾಮ್ ಇದ್ದದ್ದನ್ನು ಇದ್ದ ಹಾಗೆ ಹೇಳಿಬಿಡುತ್ತಾನೆ: ಅವಳನ್ನು ನೋಡಿ ಪಾಪ ಅನ್ನಿಸುತ್ತಿತ್ತು ಅಂತ.

ಅಲ್ಲಿಗೆ ಕೇಸು ಮುಗಿಯಿತು. ಬಿಳಿಯಳನ್ನು ಕಂಡು ಒಬ್ಬ ಕಪ್ಪು ಮನುಷ್ಯ ಕನಿಕರ ಪಡುವುದಾ? ಕನಿಕರ ಯಾವಾಗಲೂ ಮೇಲಿನವರು ಕೆಳಗಿನವರಿಗೆ ತೋರಿಸಬೇಕಾದದ್ದು ಅಂತ ನಂಬಿದ್ದ ಊರು ಅದು. ಆ ಮಾತು ಬಾಯಿಂದ ಬಿದ್ದ ಕ್ಷಣವೇ ಟಾಮ್‌ಗೂ ಅದು ಗೊತ್ತಾಗುತ್ತದೆ. ಅದೇ ವಕೀಲ ಹಾಗಾದರೆ ಅವಳು ಸುಳ್ಳು ಹೇಳುತ್ತಿದ್ದಾಳಾ ಅಂತ ಪದೇ ಪದೇ ಕೇಳಿದಾಗ ಟಾಮ್ ಸುಳ್ಳು ಅನ್ನುವುದಿಲ್ಲ, ಅವಳು ತಪ್ಪು ತಿಳಿದುಕೊಂಡಿದ್ದಾಳೆ ಅಂತಾನೆ. ಜೀವ ಹೋಗುವ ಹೊತ್ತಿನಲ್ಲೂ ಒಂದೊಂದು ಮಾತನ್ನು ತೂಗಿ ಆಡಬೇಕಾದ ಆ ಸ್ಥಿತಿ ಓದುವಾಗ ನನಗೆ ಇವತ್ತಿಗೂ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

ಲೇಖಕಿ ಇದನ್ನೆಲ್ಲ ಸುಮ್ನೆ ಕಟ್ಟಿದ್ದಲ್ಲ. 1931ರಲ್ಲಿ ಅದೇ ಅಲಬಾಮಾದಲ್ಲಿ ಗೂಡ್ಸ್ ರೈಲಿನಲ್ಲಿ ಹೋಗುತ್ತಿದ್ದ ಒಂಬತ್ತು ಕಪ್ಪು ಹುಡುಗರನ್ನು ಹಿಡಿದರು. ಇಬ್ಬರು ಬಿಳಿ ಹೆಂಗಸರ ಮೇಲೆ ಅತ್ಯಾಚಾರ ಮಾಡಿದ್ದಾರೆ ಅಂತ ಆರೋಪ. ಸ್ಕಾಟ್ಸ್‌ಬರೋ ಊರಿನ ಕೋರ್ಟ್ ಕೆಲವೇ ದಿನಗಳಲ್ಲಿ ವಿಚಾರಣೆ ಮುಗಿಸಿ ಎಂಟು ಜನರಿಗೆ ಮರಣದಂಡನೆ ಕೊಟ್ಟಿತು. ಜ್ಯೂರಿಯಲ್ಲಿ, ಅಂದರೆ ತಪ್ಪಿತಸ್ಥ ಹೌದೋ ಅಲ್ಲವೋ ಅಂತ ತೀರ್ಮಾನಿಸುವ ಸಾಮಾನ್ಯ ಜನರ ಗುಂಪಿನಲ್ಲಿ, ಇದ್ದವರೆಲ್ಲ ಬಿಳಿಯರೇ. 1933ರ ಮರುವಿಚಾರಣೆಯಲ್ಲಿ ಆ ಇಬ್ಬರಲ್ಲಿ ಒಬ್ಬಳು, ರೂಬಿ ಬೇಟ್ಸ್, ಅತ್ಯಾಚಾರ ನಡೆದೇ ಇಲ್ಲ ಅಂತ ಕೋರ್ಟಿನಲ್ಲೇ ಹೇಳಿದಳು. ಆದರೂ ಜ್ಯೂರಿ ಹೇವುಡ್ ಪ್ಯಾಟರ್‌ಸನ್‌ನನ್ನು ಅಪರಾಧಿ ಅಂದಿತು! ಆ ತೀರ್ಪನ್ನು ತಳ್ಳಿಹಾಕಿದ ಜಡ್ಜ್ ಜೇಮ್ಸ್ ಹಾರ್ಟನ್ (ಅಲ್ಲಿ ಜಡ್ಜ್‌ಗಳನ್ನೂ ಜನರೇ ಆರಿಸುತ್ತಾರೆ) ಮುಂದಿನ ಚುನಾವಣೆಯಲ್ಲಿ ಸೋತು ಕುರ್ಚಿ ಕಳೆದುಕೊಂಡರು. ಇಂಥ ರಾಜ್ಯದಲ್ಲಿ ಟಾಮ್ ಬಾಯಿ ಬಿಟ್ಟು ನಿಜ ಹೇಳಿದ್ದು. ಸೋತರೆ ಆಟಿಕಸ್ ಮನೆಗೆ ಹೋಗಿ ಮಲಗಬಹುದು. ಟಾಮ್‌ಗೆ ಮನೆಗೆ ಹೋಗುವ ದಾರಿಯೇ ಇಲ್ಲ. ಹೆಂಡತಿ, ಮೂರು ಮಕ್ಕಳು ಅಲ್ಲಿ ಕಾಯುತ್ತಿದ್ದಾರೆ.

ಧೈರ್ಯದ ಪಾಠವನ್ನು ಮಕ್ಕಳಿಗೆ ಆಟಿಕಸ್ ಬೇರೆ ಕಡೆಯಿಂದ ಹೇಳಿಕೊಡುತ್ತಾನೆ. ಹುಚ್ಚುನಾಯಿಯನ್ನು ಒಂದೇ ಗುಂಡಿಗೆ ಕೆಡವಿದ ಅಪ್ಪನನ್ನು ಕಂಡು ಜೆಮ್ ಬೀಗುತ್ತಾನಲ್ಲ, ಬಂದೂಕು ಹಿಡಿದವನೇ ಧೀರ ಅಂದುಕೊಳ್ಳಬೇಡ ಅಂತ ಹೇಳಲು ಅಪ್ಪ ತೋರಿಸುವುದು ಮಿಸೆಸ್ ಡ್ಯೂಬೋಸ್ ಎಂಬ ಮುದುಕಿಯನ್ನು. ಕಾಯಿಲೆಯ ನೋವಿಗೆ ತೆಗೆದುಕೊಂಡ ಮಾರ್ಫಿನ್ ಅವಳಿಗೆ ಚಟವಾಗಿದೆ. ಸಾಯುವ ಮೊದಲು ಅದರಿಂದ ಬಿಡಿಸಿಕೊಳ್ಳಲೇಬೇಕು ಅಂತ ಹಟ ಹಿಡಿದು, ಒದ್ದಾಡಿ, ಗೆದ್ದು ಸಾಯುತ್ತಾಳೆ. ಸೋಲು ಖಚಿತ ಅಂತ ಗೊತ್ತಿದ್ದೂ ಶುರು ಮಾಡಿ ಕೊನೆತನಕ ಹೋಗುವುದೇ ಧೈರ್ಯ ಅಂತಾನೆ ಆಟಿಕಸ್. ಮಾತು ಬಹಳ ಚೆನ್ನಾಗಿದೆ. ಆದರೆ ಇದೇ ಮುದುಕಿ ದಾರಿಯಲ್ಲಿ ಹೋಗುವ ಮಕ್ಕಳಿಗೆ ನಿಮ್ಮಪ್ಪ ಕರಿಯರ ಪರ ನಿಂತವನು ಅಂತ ಹೊಲಸು ಮಾತಿನಲ್ಲಿ ಬೈದವಳು. ಅವಳ ಸಂಕಟಕ್ಕೆ ಒಂದು ಇಡೀ ಅಧ್ಯಾಯ ಸಿಕ್ಕಿದೆ. ಟಾಮ್ ಜೈಲಿನಲ್ಲಿ ಕೂತು ಏನು ಯೋಚಿಸಿದ ಅನ್ನುವುದಕ್ಕೆ ಒಂದು ಪುಟವೂ ಇಲ್ಲ. ಕಥೆ ಹೇಳುವವಳು ಬಿಳಿ ಲಾಯರ್ ಮನೆಯ ಮಗು, ಅವಳಿಗೆ ಕಂಡಷ್ಟೇ ನಮಗೂ ಕಾಣುತ್ತದೆ, ಒಪ್ಪುತ್ತೇನೆ. ಆದರೂ ಈ ಕೊರತೆ ನನ್ನನ್ನು ಬಿಡುವುದಿಲ್ಲ.

ದೊಡ್ಡವರಾಗುವ ವಿಷಯದಲ್ಲಿ ಮಾತ್ರ ಈ ಪುಸ್ತಕ ಒಂಚೂರೂ ತಪ್ಪಿಲ್ಲ. ರಾತ್ರಿ ಜೈಲಿನ ಮುಂದೆ ಟಾಮ್‌ನನ್ನು ಎಳೆದು ಕೊಲ್ಲಲು ಗುಂಪು ಬಂದಾಗ ಸ್ಕೌಟ್ ಮಧ್ಯೆ ನುಗ್ಗಿ ತನ್ನ ಕ್ಲಾಸಿನ ಹುಡುಗನ ಅಪ್ಪನನ್ನು ಗುರುತು ಹಿಡಿದು ಮಾತಾಡಿಸುತ್ತಾಳೆ, ಗುಂಪು ಕರಗುತ್ತದೆ. ಎಲ್ಲರಿಗೂ ನೆನಪಿರುವ ದೃಶ್ಯ ಅದು. ನನ್ನ ಕಣ್ಣು ಹೋಗುವುದು ಜೆಮ್ ಕಡೆಗೆ. ಅಪಾಯ ಏನು ಅಂತ ಸ್ಕೌಟ್‌ಗೆ ಗೊತ್ತಿಲ್ಲ. ಜೆಮ್‌ಗೆ ಗೊತ್ತು. ಮನೆಗೆ ಹೋಗು ಅಂತ ಅಪ್ಪ ಎಷ್ಟು ಹೇಳಿದರೂ ಅವನು ಕದಲುವುದಿಲ್ಲ. ಆಮೇಲೆ ಟಾಮ್ ಅಪರಾಧಿ ಅಂತ ತೀರ್ಪು ಬಂದಾಗ ಅತ್ತವನೂ ಅವನೇ, ಯಾಕಂದ್ರೆ ಸಾಕ್ಷಿ ಸರಿಯಿದ್ದರೆ ನ್ಯಾಯ ಸಿಗುತ್ತದೆ ಅಂತ ಮನಸಾರೆ ನಂಬಿದ್ದ.

ಅದಾದ ಮೇಲೆ ಅಣ್ಣ ತಂಗಿ ಕೂತು ಮಾತಾಡುತ್ತಾರೆ. ಜನರಲ್ಲಿ ನಾಲ್ಕು ಬಗೆ ಅಂತ ಜೆಮ್ ಲೆಕ್ಕ ಹಾಕುತ್ತಾನೆ: ನಮ್ಮಂಥವರು, ಕಾಡಿನ ಕಡೆಯ ಬಡ ರೈತರಾದ ಕನ್ನಿಂಗ್‌ಹ್ಯಾಮ್‌ಗಳು, ಕಸದ ಗುಂಡಿ ಪಕ್ಕದ ಯೂಯೆಲ್‌ಗಳು, ಕೊನೆಗೆ ಕಪ್ಪು ಜನ. ಒಬ್ಬರನ್ನು ಕಂಡರೆ ಇನ್ನೊಬ್ಬರಿಗೆ ಆಗದು, ಎಲ್ಲರ ಸಿಟ್ಟೂ ಇಳಿಯುವುದು ತಮಗಿಂತ ಕೆಳಗಿನವರ ಮೇಲೆ. ಇದನ್ನು ಓದುವ ಕನ್ನಡದವರಿಗೆ ಬೇರೆ ವಿವರಣೆ ಬೇಕಾ? ಇಲ್ಲ, ಜನ ಅಂದ್ರೆ ಒಂದೇ ಬಗೆ ಅಂತಾಳೆ ಸ್ಕೌಟ್. ನಿನ್ನ ವಯಸ್ಸಿನಲ್ಲಿ ನಾನೂ ಹಾಗೇ ಅಂದುಕೊಂಡಿದ್ದೆ ಅಂತಾನೆ ಅವನು.

ಟಾಮ್ ಕೊನೆಗೆ ಜೈಲಿನ ಬೇಲಿ ಹತ್ತಿ ಓಡಲು ಹೋಗಿ ಸಾಯುತ್ತಾನೆ. ಅವನ ಮೈಯಲ್ಲಿ ಹದಿನೇಳು ಗುಂಡು. ಮೇಲಿನ ಕೋರ್ಟಿನಲ್ಲಿ ಗೆಲ್ಲಬಹುದಿತ್ತು ಅಂತ ಆಟಿಕಸ್‌ಗೆ ಅನ್ನಿಸುತ್ತದೆ. ಆದರೆ ಬಿಳಿಯರ ಭರವಸೆಗಳನ್ನು ನೋಡಿ ನೋಡಿ ಟಾಮ್‌ಗೆ ಸಾಕಾಗಿರಬೇಕು ಅಂತ ಅವನೇ ಒಪ್ಪಿಕೊಳ್ಳುತ್ತಾನೆ.

ಮೇಕೂಂಬ್‌ಗೆ ಮಾದರಿ ಲೇಖಕಿಯ ಸ್ವಂತ ಊರು ಮನ್ರೋವಿಲ್. ಅಲ್ಲಿನ ಹಳೇ ಕೋರ್ಟ್ ಕಟ್ಟಡ ಈಗ ಮ್ಯೂಸಿಯಂ, ಈ ಕಾದಂಬರಿಯ ನಾಟಕವನ್ನು ಊರಿನವರೇ ಆಡುತ್ತಾರೆ. ಅದೇ ಮನ್ರೋವಿಲ್‌ನಲ್ಲಿ 1986ರಲ್ಲಿ ಒಬ್ಬ ಬಿಳಿ ಯುವತಿಯ ಕೊಲೆಯಾಯಿತು. ಮರುವರ್ಷ ವಾಲ್ಟರ್ ಮ್ಯಾಕ್‌ಮಿಲಿಯನ್ ಎಂಬ ಕಪ್ಪು ಮನುಷ್ಯನನ್ನು ಹಿಡಿದರು. ಕೊಲೆಯಾದ ಹೊತ್ತಿಗೆ ಅವನ ಮನೆ ಅಂಗಳದಲ್ಲಿ ಚರ್ಚಿಗೆ ಹಣ ಕೂಡಿಸಲು ಮೀನು ಹುರಿದು ಮಾರುತ್ತಿದ್ದರು, ಅವನು ಅಲ್ಲೇ ಇದ್ದ. ಅಲ್ಲಿದ್ದ ಹಲವರು ಕೋರ್ಟಿಗೆ ಬಂದು ಹಾಗಂತ ಸಾಕ್ಷಿ ಹೇಳಿದರು. ಅವರೆಲ್ಲ ಕಪ್ಪು ಜನ, ಒಬ್ಬರ ಮಾತೂ ನಡೆಯಲಿಲ್ಲ. 1988ರಲ್ಲಿ ಜ್ಯೂರಿ ಜೀವಾವಧಿ ಸಾಕು ಅಂದರೂ ಜಡ್ಜ್ ಅದನ್ನು ಬದಿಗಿಟ್ಟು ಮರಣದಂಡನೆ ಕೊಟ್ಟರು. ವಕೀಲ ಬ್ರಯಾನ್ ಸ್ಟೀವನ್‌ಸನ್ ಮತ್ತು ಜೊತೆಗಾರರು ಹೋರಾಡಿ, ಮುಖ್ಯ ಸಾಕ್ಷಿ ಹೇಳಿದ್ದು ಸುಳ್ಳು ಅಂತ ತೋರಿಸಿ, 1993ರಲ್ಲಿ ಅವನನ್ನು ಬಿಡಿಸಿದರು. ಸ್ಟೀವನ್‌ಸನ್ ಹೆಸರು ಲೋಕಕ್ಕೆ ಗೊತ್ತು, ಗೊತ್ತಾಗಲೇಬೇಕು. ಆ ಮೀನು ಹುರಿದ ಅಂಗಳದಿಂದ ಕೋರ್ಟಿಗೆ ನಡೆದು, ತಮ್ಮ ಮಾತನ್ನು ಯಾರೂ ನಂಬಲಾರರು ಅಂತ ಗೊತ್ತಿದ್ದೂ ನಿಜ ಹೇಳಿ ಬಂದವರ ಬಗ್ಗೆಯೂ ಯಾರಾದರೂ ಒಂದು ಕಾದಂಬರಿ ಬರೆಯಲಿ, ನಾನು ಕಾದು ಓದುತ್ತೇನೆ.