ಹಾಲು ಕುಡಿದ ಕುಂಬಳಕಾಯಿ

ಲಾರಾ ಇಂಗಲ್ಸ್ ವೈಲ್ಡರ್ ಬರೆದ ‘ಫಾರ್ಮರ್ ಬಾಯ್’ (1933) ಮಕ್ಕಳಿಗೆ ಓದಿ ಹೇಳ್ತಾ ಇದ್ದೀನಿ. ನ್ಯೂಯಾರ್ಕ್ ರಾಜ್ಯದ ಉತ್ತರ ಭಾಗ, 1860ರ ದಶಕ, ಒಂದು ರೈತ ಕುಟುಂಬ. ಕಥೆ ಅಂತ ದೊಡ್ಡದೇನಿಲ್ಲ, ಕೆಲಸವೇ ಕಥೆ. ಮೆಕ್ಕೆಜೋಳದ ಎಳೆ ಪೈರಿನ ಮೇಲೆ ಇಬ್ಬನಿ ಹೆಪ್ಪುಗಟ್ಟಿದಾಗ ಮನೆಮಂದಿಯೆಲ್ಲ ಕತ್ತಲಲ್ಲೇ ಎದ್ದು, ಬಿಸಿಲು ತಾಗೋ ಮುಂಚೆ ಬುಡಬುಡಕ್ಕೂ ಹೋಗಿ ನೀರು ಹೊಯ್ಯೋ ಅಧ್ಯಾಯ ಇದೆಯಲ್ಲ, ಅದೊಂದಕ್ಕೇ ಪುಸ್ತಕ ಕೊಳ್ಳಬಹುದು. ಅರ್ಧ ಡಾಲರಿನ ಬೆಲೆಯನ್ನ ಅಪ್ಪ ಆಲೂಗಡ್ಡೆ ಬೆಳೆಯೋ ದುಡಿಮೆಯಲ್ಲಿ ತಿಳಿಸೋದೂ ಚೆನ್ನ. ಆದರೆ ಈ ಅಪ್ಪ ತಪ್ಪೋದೇ ಇಲ್ಲ. ಮಗ ಹಾಲು ಕುಡಿಸಿ ಬೆಳೆಸಿದ ಕುಂಬಳಕಾಯಿಗೂ ಜಾತ್ರೆಯಲ್ಲಿ ಮೊದಲ ಬಹುಮಾನ! ಬೆಳೆ ಕೈಕೊಟ್ಟ ವರ್ಷ ನೋಡಿದ ನಮ್ಮ ಕಡೆ ಹುಡುಗರು ಇದನ್ನ ನಂಬೋದು ಕಷ್ಟ. ಊಟದ ವರ್ಣನೆ ಮಾತ್ರ ಪುಟಗಟ್ಟಲೆ, ಹಸಿದಾಗ ಓದಬೇಡಿ.