630ರ ದಶಕ, ಹತ್ತು ಅಡಿಯಲ್ಲಿ: ಮೂರನೇ ವರದಿ

ಒಂದೇ ಯುದ್ಧ, ಎರಡು ಗುಂಡುಪಿನ್ನು, ನಡುವೆ ಎರಡೂಕಾಲು ಇಂಚು. ಹದಿನೈದು ದಿನ ಕೆಲಸ ನಿಂತದ್ದು ಇಷ್ಟಕ್ಕೇ.

ಮೊದಲೆರಡು ವರದಿ ಓದದವರಿಗೆ: 630ರ ದಶಕವನ್ನು ಹತ್ತು ಅಡಿ ಹಲಗೆಯ ಮೇಲೆ ಕಾಲರೇಖೆಯಾಗಿ ಕೂರಿಸುತ್ತಿದ್ದೇನೆ. ಕಾಗದದ ಪಟ್ಟಿ ಅಂಟಿಸುವುದು, ಘಟನೆಗೆ ಪಿನ್ ಚುಚ್ಚುವುದು, ಬೇರೆ ಪಟ್ಟಿಯ ತಾರೀಕಿಗೆ ತಾಳೆ ನೋಡಲು ದಾರ ಇಳಿಬಿಡುವುದು. ವರ್ಷಕ್ಕೊಂದು ಅಡಿ, ರಾಜಧಾನಿಗೊಂದು ಪಟ್ಟಿ: ಬಾದಾಮಿ, ಬೈಜಾಂಟೈನರ ಕಾನ್‌ಸ್ಟಾಂಟಿನೋಪಲ್, ಅರಬ್ಬರ ಮದೀನಾ, ಚೀನಾದ ಚಾಂಗಾನ್. ಪ್ರತಿ ಪಟ್ಟಿಗೂ ಅದರದೇ ಕಾಲಗಣನೆ ಇರಬೇಕೆಂಬ ಹಠ ನನ್ನದು. ಕಾನ್‌ಸ್ಟಾಂಟಿನೋಪಲ್ ಪಟ್ಟಿಯಲ್ಲಿ, ಅರಬ್ಬರು ಬೈಜಾಂಟೈನರನ್ನು ಸೋಲಿಸಿದ ಯರ್ಮೂಕ್ ಯುದ್ಧ 636ರ ಆಗಸ್ಟ್‌ನಲ್ಲಿ ಸರಿಯಾಗಿಯೇ ಕೂತಿತ್ತು. ಮದೀನಾ ಪಟ್ಟಿಯಲ್ಲಿ ಹಿಜರಿ (ಇಸ್ಲಾಮಿನ ಚಾಂದ್ರಮಾನ) 15ರ ರಜಬ್ ತಿಂಗಳಿಗೆ ಪಿನ್ ಚುಚ್ಚಿ ದಾರ ಇಳಿಬಿಟ್ಟರೆ ಅಕ್ಟೋಬರ್ ಕೊನೆ! ಬೈಜಾಂಟೈನ್ ಚಕ್ರವರ್ತಿ ಹೆರಾಕ್ಲಿಯಸ್‌ನ ಸೈನ್ಯ ಸೋತು ಎರಡು ತಿಂಗಳಾದ ಮೇಲೆ ಗೆದ್ದವರು ರಣರಂಗಕ್ಕೆ ಬಂದಂತಾಯಿತು.

ಲೆಕ್ಕ ಮತ್ತೆ ಮತ್ತೆ ಮಾಡಿದೆ. ಹಿಜರಿ ವರ್ಷಕ್ಕೆ 354 ದಿನ, ಆಗಾಗ 355. ನನ್ನ ಅಳತೆಯಲ್ಲಿ 11.64 ಇಂಚು. ಹತ್ತು ಹಿಜರಿ ವರ್ಷದ ಪಟ್ಟಿ ಹತ್ತು ಅಡಿಗೆ ಮೂರೂವರೆ ಇಂಚು ಕಮ್ಮಿ ಬರಬೇಕು. ಫೈಲಿನಲ್ಲಿ ಹಾಗೇ ಇತ್ತು. ಕೊನೆಗೆ ಟೇಪು ಹಿಡಿದು ಕಾಗದವನ್ನೇ ಅಳೆದೆ. ಕರಾರುವಾಕ್ಕಾಗಿ ಹತ್ತು ಅಡಿ.

ಪ್ರಿಂಟಿಂಗ್ ಅಂಗಡಿಗೆ ಓಡಿದೆ. "ಒಂದು ಪಟ್ಟಿ ಗಿಡ್ಡ ಇತ್ತು ಸಾರ್, ನಾನೇ ಎಳೆದು ಸರಿಮಾಡ್ದೆ" ಎಂದ, ಮುಖದಲ್ಲಿ ಉಪಕಾರ ಮಾಡಿದ ಕಳೆ. ಚಾಂದ್ರಮಾನವನ್ನು ಒಂದೇ ಕ್ಲಿಕ್ಕಿನಲ್ಲಿ ಸೌರಮಾನ ಮಾಡಿದ ಮಹಾನುಭಾವ! ಎರಡನೇ ಪ್ರಿಂಟಿಗೂ ದುಡ್ಡು ತೆಗೆದುಕೊಂಡ. ಈ ಸಲ ಫೈಲಿನ ಹೆಸರನ್ನೇ "ಗಿಡ್ಡವೇ_ಇರಲಿ" ಎಂದು ಇಟ್ಟಿದ್ದೆ.

ಅದು ಮುಗಿಯಿತು ಅನ್ನುವಷ್ಟರಲ್ಲಿ ಬಾದಾಮಿ ಪಟ್ಟಿ ತಕರಾರು ತೆಗೆಯಿತು. ಐಹೊಳೆಯ ಮೇಗುತಿ ಬಸದಿಯ ಶಾಸನದಲ್ಲಿ ಪುಲಿಕೇಶಿಯ ಕವಿ ರವಿಕೀರ್ತಿ ಎರಡು ಕಾಲ ಕೊಡುತ್ತಾನೆ: ಭಾರತ ಯುದ್ಧದಿಂದ (ಅಂದರೆ ಕಲಿಯುಗದ ಲೆಕ್ಕದಲ್ಲಿ) 3735, ಶಕ 556. ನಾನು 556ನ್ನು ನಡೆಯುತ್ತಿರುವ ವರ್ಷವೆಂದು ಹಿಡಿದು 633ಕ್ಕೆ ಅಂಟಿಸಿದ್ದೆ. ಶ್ಲೋಕದಲ್ಲಿ ಕಣ್ಣಿಗೆ ರಾಚುವಂತೆ "ಗತೇಷು" ಎಂದಿದೆ. 556 ವರ್ಷ ಕಳೆದೇ ಹೋಗಿವೆ, ನಡೆಯುತ್ತಿರುವುದು 557, ಮಾರಾಯ! ಅಂದರೆ 634–35. ಇಡೀ ಒಂದು ಅಡಿ ತಪ್ಪು. ಕಾಳಿದಾಸ, ಭಾರವಿಯರ ಸಾಲಿಗೆ ತನ್ನನ್ನು ತಾನೇ ಸೇರಿಸಿಕೊಂಡ ಕವಿ ಲೆಕ್ಕದಲ್ಲಿ ಮಾತ್ರ ಎಡವಿಲ್ಲ. 3735ರಲ್ಲಿ 556 ಕಳೆದರೆ 3179, ಕಲಿಗೂ ಶಕಕ್ಕೂ ಇರಬೇಕಾದ ಅಂತರವೇ. ಪುಲಿಕೇಶಿಯ ಪಿನ್ನನ್ನು ಕಿತ್ತು ಬಲಕ್ಕೆ ಸರಿಸಿದೆ. ಅಂಟಿನ ಜೊತೆ ಕಾಗದವೂ ಬಂತು.

ಮಜಾ ಬಂದದ್ದು ಆಮೇಲೆ. ಹಿಜರಿ 13ರ ಮೊಹರಂ ಆರಂಭ 634ರ ಮಾರ್ಚ್ 7. (ಸಾಫ್ಟ್‌ವೇರ್ ಮಾರ್ಚ್ 10 ಅಂದಿತ್ತು. 7ನೇ ಶತಮಾನಕ್ಕೆ ಆಗಿನ ಜೂಲಿಯನ್ ಕ್ಯಾಲೆಂಡರ್ ಬಿಟ್ಟು ಇಂದಿನ ಗ್ರೆಗೋರಿಯನ್ ಹಚ್ಚಿದರೆ ಮೂರು ದಿನ ಉಬ್ಬುತ್ತದೆ, ಹುಷಾರು.) ಆ ವರ್ಷದ ಚೈತ್ರದ ಪಾಡ್ಯ ಲೆಕ್ಕ ಹಾಕಿದರೆ ಅದೇ ಅಮಾವಾಸ್ಯೆಯ ಬೆನ್ನಿಗೇ! ಎರಡು ಗೆರೆಗಳ ನಡುವೆ ಒಂದೂವರೆ ಮಿಲಿಮೀಟರ್ ಇದ್ದರೆ ಹೆಚ್ಚು. ರವಿಕೀರ್ತಿಯ ಯುಗಾದಿಯೂ ಮದೀನಾದ ಹೊಸ ವರ್ಷವೂ ಜೊತೆಜೊತೆಗೆ. 636ರ ಹೊತ್ತಿಗೆ ನಮ್ಮದಕ್ಕೆ ಅಧಿಕ ಮಾಸ ಬಂದು ಎರಡೂ ಒಂದು ತಿಂಗಳು ದೂರ. ರಾತ್ರಿ ಹನ್ನೊಂದಕ್ಕೆ ಹೆಂಡತಿಯನ್ನು ಎಬ್ಬಿಸಿ ತೋರಿಸಿದೆ. "ಮೊದಲು ಆ ಪಿನ್ನುಗಳನ್ನ ಮಗು ಕೈಗೆ ಸಿಗದ ಹಾಗಿಡಿ" ಎಂದಳು.

ಈಗ 634–35ರ ಅಡಿಯಲ್ಲಿ ಜಾಗವೇ ಇಲ್ಲ. ಅಬೂ ಬಕರ್ ನಂತರ ಉಮರ್ ಖಲೀಫರಾದದ್ದು, ಧರ್ಮಪ್ರಚಾರಕ ಅಲೋಪೆನ್ ಕ್ರೈಸ್ತ ಗ್ರಂಥಗಳೊಂದಿಗೆ ಚಾಂಗಾನ್ ತಲುಪಿದ್ದು, ಇತ್ತ ಮೇಗುತಿಯ ಜಿನಾಲಯ, ಎಲ್ಲ ಮೈಗೆ ಮೈ ತಾಗಿ ನಿಂತಿವೆ.

ಈ ನಡುವೆ ಮುಂದಿನ ಹುಚ್ಚು ಶುರುವಾಗಿದೆ: ಹ್ಯೂಯೆನ್ ತ್ಸಾಂಗ್‌ನ ದಾರಿ. ಆಸಾಮಿ 630ಕ್ಕೆ ಮೊದಲೇ ಹೊರಟು, 657 ಗ್ರಂಥ ಹೊತ್ತು ಮರಳಿದ್ದು 645ಕ್ಕೆ. ದಾರ ಹಲಗೆಯ ಎಡಗಡೆಯಿಂದ ಒಳಬಂದು ಬಲಗಡೆಯಿಂದ ಆಚೆ ಹೋಗುತ್ತದೆ, ಗಂಟು ಹಾಕಲು ಮೊಳೆಯೇ ಸಿಗದು. ಅಂದರೆ ಇನ್ನೊಂದು ಹಲಗೆ. ಮನೆಯಲ್ಲಿ ಇನ್ನೂ ಹೇಳಿಲ್ಲ.

ಅದಕ್ಕೆ ಮೊದಲು ಇರಾನ್ ಪಟ್ಟಿ ಬಾಕಿ. ಕೊನೆಯ ಸಸಾನಿ ದೊರೆ ಯಜ್ದಗಿರ್ದ್‌ನ ಹೆಸರಿನ ಶಕೆ 632ರ ಜೂನ್ 16ರಿಂದ, ವರ್ಷಕ್ಕೆ 365 ದಿನ, ಅಧಿಕ ದಿನದ ಗೊಡವೆಯೇ ಇಲ್ಲ. ಹತ್ತು ವರ್ಷಕ್ಕೆ ಎರಡು ಮಿಲಿಮೀಟರ್ ಗಿಡ್ಡ. ಅಂಗಡಿಯವನ ಕಣ್ಣಿಗೆ ಬೀಳದಿದ್ದರೆ ಸಾಕು.